ಬೀರುವಿನೊಳಗಿನ ಓದುಗರು

ಬಸ್ ನಿಲ್ದಾಣದ ಹಳೆಯ ಕೆಲಸಗಾರರ ನೆನಪುಗಳನ್ನು ಸಂಗ್ರಹಿಸುತ್ತಿದ್ದ ದಿನಗಳಲ್ಲಿ, ಅಲ್ಲಿ ಮೂವತ್ತೊಂದು ವರ್ಷ ಬಸ್ಸುಗಳ ಘೋಷಣೆ ಮಾಡಿ ನಿವೃತ್ತರಾದ ಮಹಿಳೆಯೊಬ್ಬರ ಸುಳಿವು ನನಗೆ ಸಿಕ್ಕಿದ್ದು ಅಂಧರ ಗ್ರಂಥಾಲಯದಲ್ಲಿ. ದಾನಿಗಳ ನೆರವಿನಿಂದ ನಡೆಯುವ ಪುಟ್ಟ ಸಂಸ್ಥೆ ಅದು. ನಿವೃತ್ತಿಯ ನಂತರ ಅವರು ಮನೆಯಲ್ಲಿಯೇ ಪುಸ್ತಕಗಳನ್ನು ಓದಿ, ಧ್ವನಿಮುದ್ರಿಸಿ, ಆ ಗ್ರಂಥಾಲಯಕ್ಕೆ ಉಚಿತವಾಗಿ ಕೊಡುತ್ತಿದ್ದರು. ನಾನು ಫೋನ್ ಸಂಖ್ಯೆ ಕೇಳಿದಾಗ ಗ್ರಂಥಪಾಲಕಿ ತಲೆಯಾಡಿಸಿದರು.

"ಫೋನ್ ಮಾಡಿದ್ರೆ ಎತ್ತಲ್ಲ. ಗಂಟಲಿನ ಆಪರೇಷನ್ ಆಗಿದೆ. ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಮಾತಾಡಿ ಅಂದಿದ್ದಾರೆ ಡಾಕ್ಟ್ರು. ಆ ಇಪ್ಪತ್ತು ನಿಮಿಷಾನ ನಿಮಗೆ ಯಾಕೆ ಕೊಡ್ಬೇಕು ಅಂತ ಮೊದಲು ಒಂದು ಕಾಗದ ಬರೀರಿ."

ಬರೆದೆ. ವಾರದ ನಂತರ ಉತ್ತರ ಬಂತು: "ಮಂಗಳವಾರ ನಾಲ್ಕರಿಂದ ನಾಲ್ಕೂ ಇಪ್ಪತ್ತು. ಟಿಕ್‌ಟಿಕ್ ಎನ್ನುವ ಗಡಿಯಾರ ಕಟ್ಟಿಕೊಂಡು ಬರಬೇಡಿ. ಗಂಜಿ ಹಾಕಿದ ಅಂಗಿ ಬೇಡ, ಸದ್ದು ಮಾಡುತ್ತದೆ. ನೆಗಡಿಯಿದ್ದರೆ ಮುಂದಿನ ವಾರ."

2020ರ ಜನವರಿಯ ಆ ಮಂಗಳವಾರ ಅವರ ಮಹಡಿಯ ಕೋಣೆಗೆ ಹೋದಾಗ ಫ್ಯಾನ್ ಆಗಲೇ ನಿಂತಿತ್ತು, ಕಿಟಕಿ ಮುಚ್ಚಿತ್ತು. ನನ್ನ ಧ್ವನಿಮುದ್ರಣ ಯಂತ್ರದ ಕೆಳಗೆ ಮಡಚಿದ ಟವೆಲ್ ಇಟ್ಟರು. ಒಂದು ಕ್ಷಣ ಕಿವಿಗೊಟ್ಟು, "ಯಂತ್ರ ಚೆನ್ನಾಗಿದೆ. ನೀವು ಮಾತ್ರ ಸ್ವಲ್ಪ ಹಿಂದೆ ಕೂತ್ಕೊಳ್ಳಿ, ನಿಮ್ಮ ಮೂಗು ಕೇಳಿಸ್ತಿದೆ" ಎಂದರು. ಹೀಗೆ ಆರು ಮಂಗಳವಾರ ಮಾತಾಡಿದೆವು. ಕೆಳಮನೆಯವರೊಂದಿಗೆ ಒಂದು ಭಾನುವಾರ ಪ್ರತ್ಯೇಕವಾಗಿ ಕುಳಿತೆ. ಆ ಏಳು ಭೇಟಿಗಳಲ್ಲಿ ಕೇಳಿದ್ದನ್ನು ಕಾಲಕ್ರಮದಲ್ಲಿ ಜೋಡಿಸಿ ಇಲ್ಲಿ ಕೊಟ್ಟಿದ್ದೇನೆ.

ನಿಲ್ದಾಣದಲ್ಲಿ ಅವರ ಜಾಗ ಗಾಜಿನ ಗೋಡೆಯ ಒಂದು ಗೂಡು. ಮೇಜಿನ ಮೇಲೆ ಗುಂಡಿ ಒತ್ತಿ ಮಾತನಾಡುವ ಮೈಕು, ವೇಳಾಪಟ್ಟಿ, ಒಂದು ಲೋಟ ಬಿಸಿನೀರು. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು, ಘೋಷಣೆಯ ಮಧ್ಯೆ ಅವರಿಗೆ ಕೆಮ್ಮು ಬಂತು. ಬಸ್ಸಿನ ಸಂಖ್ಯೆ ಕೆಮ್ಮಿನಲ್ಲಿ ಮುಳುಗಿಹೋಯಿತು. ಇಬ್ಬರು ಮುದುಕರು ಬಸ್ ತಪ್ಪಿಸಿಕೊಂಡು ಮೂರು ಗಂಟೆ ಎದುರಿನ ಬೆಂಚಿನ ಮೇಲೆಯೇ ಕುಳಿತಿದ್ದರು. ಗಾಜಿನ ಈಚೆಗೆ ಇವರೂ ಮೂರು ಗಂಟೆ ಅವರನ್ನು ನೋಡುತ್ತಾ ಕುಳಿತರು. "ಬೈದಿದ್ರೆ ಮರೆತುಬಿಡ್ತಿದ್ದೆ. ಅವರು ಬೈಲಿಲ್ಲ" ಎಂದರು. ಮುಂದಿನ ಮೂವತ್ತು ವರ್ಷ ಅವರ ಘೋಷಣೆಯಲ್ಲಿ ಎಳ್ಳಷ್ಟೂ ಕಸವಿರಲಿಲ್ಲ. ಪ್ರತಿಯೊಂದನ್ನೂ ಎರಡು ಸಲ ಹೇಳುವ ಅಭ್ಯಾಸ ಮನೆಗೂ ಬಂತು. ತರಕಾರಿಯವನಿಗೆ "ಅರ್ಧ ಕಿಲೋ ಬೀನ್ಸ್, ಅರ್ಧ ಕಿಲೋ ಬೀನ್ಸ್" ಎಂದರೆ ಅವನು ಒಂದು ಕಿಲೋ ತೂಗುತ್ತಿದ್ದನಂತೆ.

ಗ್ರಂಥಾಲಯಕ್ಕೆ ಓದುವಾಗ ಈ ಕಟ್ಟುನಿಟ್ಟು ಇನ್ನೂ ಹೆಚ್ಚಾಯಿತು. ಬಟ್ಟೆಯ ದೊಡ್ಡ ಬೀರುವಿನೊಳಗೆ ಪುಟ್ಟ ಸ್ಟೂಲು ಹಾಕಿಕೊಂಡು, ಕೋಟುಗಳ ಮತ್ತು ರಗ್ಗುಗಳ ನಡುವೆ ಬಾಗಿಲು ಮುಚ್ಚಿಕೊಂಡು ಓದುತ್ತಿದ್ದರು. ಹಾಗೆ ಮಾಡಿದರೆ ಬೀದಿಯ ಸದ್ದು ಒಳಗೆ ಬರುವುದಿಲ್ಲ.

2019ರ ಸೆಪ್ಟೆಂಬರಿನಲ್ಲಿ ಗಂಟಲು ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ಎರಡು ತಿಂಗಳು ಪೂರ್ತಿ ಮೌನ. ಗಂಟಲು ಕೆಡುವ ಹೊತ್ತಿಗೆ ಅವರು ದೀಪಸ್ತಂಭದ ಕಾವಲುಗಾರನೊಬ್ಬನ ಕತೆಯಿರುವ ದಪ್ಪ ಕಾದಂಬರಿಯನ್ನು ಓದುತ್ತಿದ್ದರು. ಇಪ್ಪತ್ತನಾಲ್ಕು ಅಧ್ಯಾಯಗಳಲ್ಲಿ ಹದಿನೈದು ಮುಗಿದಿದ್ದವು. ಆ ಹದಿನೈದನ್ನೂ ಕೇಳಿ ಮುಂದಿನದಕ್ಕಾಗಿ ಕಾಯುತ್ತಿದ್ದವರು ಒಬ್ಬರೇ: ಪಿಯಾನೋ, ಹಾರ್ಮೋನಿಯಂಗಳ ಶ್ರುತಿ ಸರಿಮಾಡುತ್ತಿದ್ದ, ಹುಟ್ಟಿನಿಂದ ಕಣ್ಣು ಕಾಣದ ಹಿರಿಯರು. ಎಲ್ಲರೂ ಅವರನ್ನು ಶ್ರುತಿತಾತ ಎನ್ನುತ್ತಿದ್ದರು. ಅವರು ನವೆಂಬರ್ ಹತ್ತರ ಭಾನುವಾರ ಊರು ಬಿಟ್ಟು ದೂರದ ತಂಗಿಯ ಮನೆ ಸೇರುವವರಿದ್ದರು. ಅಲ್ಲಿ ಇಂಥ ಗ್ರಂಥಾಲಯವಿರಲಿಲ್ಲ. ಅಂದರೆ ಕಾವಲುಗಾರನ ಗತಿ ಏನಾಯಿತೆಂದು ತಾತನಿಗೆ ತಿಳಿಯಬೇಕಾದರೆ ಒಂಬತ್ತು ಅಧ್ಯಾಯಗಳು ಅಷ್ಟರೊಳಗೆ ಮುಗಿಯಬೇಕು. ಓದುವ ಗಂಟಲೇ ಇಲ್ಲ.

ದಾರಿ ತೋರಿದ್ದು ಕೆಳಮನೆಯ ಹುಡುಗಿ. ಹತ್ತು ವರ್ಷ, ತಾಯಿ ನರ್ಸ್, ತಂದೆ ಎಲೆಕ್ಟ್ರಿಷಿಯನ್, ತಮ್ಮನಿಗೆ ಆರು. ಶಾಲೆಯಲ್ಲಿ "ನಿಮ್ಮ ಬೀದಿಯ ಒಂದು ಸೇವಾಸಂಸ್ಥೆಗೆ ನೆರವಾಗಿ" ಎಂದು ಹೇಳಿದ್ದರಂತೆ. ಹಳೆಯ ಬಟ್ಟೆ ಕೊಡೋಣವೆಂದರೆ ಅಕ್ಕನ ಬಟ್ಟೆಯೆಲ್ಲ ತಮ್ಮನ ಮೈಮೇಲಿತ್ತು. ಹಳೆಯ ಆಟಿಕೆಯೆಂದರೆ ಅವನು ಅವನ್ನೆಲ್ಲ ಬಿಚ್ಚಿಹಾಕಿದ್ದ.

"ಅಜ್ಜಿ, ನಮ್ಮನೇಲಿ ಕೊಡೋಕೆ ಏನೂ ಇಲ್ಲ. ಓದೋಕೆ ಬರುತ್ತೆ, ಅದು ಆಗುತ್ತಾ?" ಎಂದು ಕೇಳಿದಳು.

ಅಜ್ಜಿ ಸ್ಲೇಟಿನ ಮೇಲೆ ಬರೆದರು: "ಬೀರುವಿನಲ್ಲಿ ಕೂತು ಓದಬೇಕು."

ಹುಡುಗಿ ಸ್ಲೇಟು ನೋಡಿ, ಬೀರು ನೋಡಿ, ಕೂಡಲೇ ಒಪ್ಪಿದಳು. ಇಂಥ ಒಳ್ಳೆಯ ಕೆಲಸ ಶಾಲೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಹೀಗೆ ಇಡೀ ಮನೆ ಸರದಿಯ ಮೇಲೆ ಬೀರುವಿನೊಳಗೆ ಹೋಗತೊಡಗಿತು. ತಾಯಿ ಕಷ್ಟದ ಪುಟಗಳನ್ನೂ ಮಗಳು ಮಾತುಕತೆಯ ಪುಟಗಳನ್ನೂ ಓದಿದರು. ತಂದೆಯ ಮೊಣಕಾಲು ಒಳಗೆ ಹಿಡಿಸದೆ ಬಾಗಿಲು ಅರ್ಧ ತೆರೆದೇ ಇತ್ತು. ಹುಡುಗನಿಗೆ ಓದು ಇನ್ನೂ ಕೂಡಿಬಂದಿರಲಿಲ್ಲವಾದ್ದರಿಂದ, ಅಧ್ಯಾಯದ ಸಂಖ್ಯೆ ಹೇಳುವ ಕೆಲಸ ಅವನಿಗೆ ಬಂತು. ಒಂದು ಸಲ ಸಂಖ್ಯೆ ಹೇಳಿ, ರಗ್ಗಿನ ಮೇಲೆ ಹಾಗೆಯೇ ನಿದ್ದೆಹೋದ.

ಹದಿನಾರರಿಂದ ಹತ್ತೊಂಬತ್ತರವರೆಗಿನ ನಾಲ್ಕು ಅಧ್ಯಾಯಗಳನ್ನು ಅಜ್ಜಿ ಕಂಪ್ಯೂಟರಿನಲ್ಲಿ ಶುದ್ಧ ಮಾಡಿದರು. ಕೆಮ್ಮು, ಪುಟ ಮಗುಚುವ ಸದ್ದು, ಹುಡುಗನ ಗೊರಕೆ ಎಲ್ಲವನ್ನೂ ಕತ್ತರಿಸಿದರು. ವಾಕ್ಯಗಳ ನಡುವಿನ ಉಸಿರನ್ನೂ ಉಳಿಸಲಿಲ್ಲ. ಜಾಗ ಉಳಿಯಲೆಂದು ಕತ್ತರಿಸದ ಮೂಲವನ್ನು ಅಳಿಸಿಹಾಕಿ, ಆ ನಾಲ್ಕನ್ನು ಹೆಮ್ಮೆಯಿಂದ ಕಳಿಸಿಕೊಟ್ಟರು.

ನವೆಂಬರ್ ಐದರ ಮಂಗಳವಾರ ಗ್ರಂಥಪಾಲಕಿ ಖುದ್ದಾಗಿ ಮಹಡಿ ಹತ್ತಿ ಬಂದರು. ತಾತ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದರು, ಹಾಗೆಯೇ ಓದಿದರು:

"ಆ ಮಗೂನ ಯಾಕೆ ಬೀರುವಿನಲ್ಲಿ ಕೂರಿಸಿದ್ದೀರಿ? ಸುತ್ತ ಕೋಟುಗಳು ನೇತಾಡ್ತಿವೆ. ಅದು ಹೋಗಲಿ, ಮನೆಯವರು ಯಾರೂ ಉಸಿರೇ ಆಡಲ್ವಲ್ಲ! ಎರಡು ಪುಟ ಕೇಳಿದೆ, ನನಗೇ ಉಸಿರು ಕಟ್ಟಿತು. ಎದ್ದು ಕಿಟಕಿ ತೆಗೆದೆ. ಇದನ್ನು ಕೇಳೋಕೆ ಆಗಲ್ಲ. ಕತೆ ಅಷ್ಟಕ್ಕೇ ಬಿಟ್ಟು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ."

ಅಜ್ಜಿಯ ಮುಖ ಊದಿಕೊಂಡಿತು. ಮೂವತ್ತೊಂದು ವರ್ಷ ಶುದ್ಧವಾಗಿ ಬಾಳಿದವರಿಗೆ, ಶುದ್ಧವೇ ತಪ್ಪಾಯಿತೆಂದು ಕೇಳುವುದು ಸುಲಭವಲ್ಲ. ಸ್ಲೇಟಿನ ಮೇಲೆ ಏನೋ ಬರೆದು ಒರೆಸಿದರು, ಮತ್ತೆ ಬರೆದು ಒರೆಸಿದರು. ಏನು ಬರೆದಿರೆಂದು ನಮ್ಮ ಭೇಟಿಯಲ್ಲಿ ನಾನು ಕೇಳಿದೆ. "ನಿಮ್ಮ ಯಂತ್ರಕ್ಕೆ ಅದು ಬೇಡ" ಎಂದರು.

ಆ ಸಂಜೆ ಅವರು ಕೆಳಗಿಳಿದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ಲೇಟು ತೋರಿಸಿದರು: "ಒಂಬತ್ತೂ ಅಧ್ಯಾಯ ಮೊದಲಿಂದ. ಶುಕ್ರವಾರದೊಳಗೆ."

ನರ್ಸ್ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು. "ಅಮ್ಮಾ, ನಾನು ಡ್ಯೂಟಿ ಮುಗಿಸಿ ಬರೋದೇ ಆರಕ್ಕೆ. ಬಂದ್ಮೇಲೆ ಒಲೆ ಮುಂದೆ ನಿಲ್ಬೇಕು. ಬೀರುವಿನಲ್ಲಿ ಕೂತ್ರೆ ಮಕ್ಕಳಿಗೆ ಊಟ ಯಾರು ಹಾಕ್ತಾರೆ, ಆ ದೀಪಸ್ತಂಭದವನಾ?"

ಅಜ್ಜಿ ಸ್ವಲ್ಪ ಹೊತ್ತು ಒಲೆಯನ್ನೇ ನೋಡಿದರು. ಆಮೇಲೆ ಬರೆದರು: "ಇಲ್ಲೇ ಓದಿ."

"ಇಲ್ಲಾ? ಕುಕ್ಕರ್ ಕೂಗುತ್ತೆ."

"ಕೂಗಲಿ" ಎಂದು ಬರೆಯುವಾಗ ಬಳಪ ಎರಡು ತುಂಡಾಯಿತೆಂದು ಹುಡುಗಿ ನನಗೆ ಹೇಳಿದಳು. ಅಜ್ಜಿ ಅದನ್ನು ಒಪ್ಪುವುದಿಲ್ಲ. ಬಳಪ ಮೊದಲೇ ಬಿರುಕು ಬಿಟ್ಟಿತ್ತೆನ್ನುತ್ತಾರೆ.

ಬುಧವಾರದಿಂದ ಮೂರು ಸಂಜೆ, ದಿನಕ್ಕೆ ಮೂರರಂತೆ, ಊಟದ ಮೇಜಿನ ಸುತ್ತ ಓದು ನಡೆಯಿತು. ಅಜ್ಜಿ ಟವೆಲ್ ಮಡಚಿ ಮೈಕಿನ ಕೆಳಗಿಟ್ಟರು. ಅಷ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ತಾಯಿ ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದರು. ತಂದೆ ಹೆಂಡತಿಯ ತಪ್ಪು ಉಚ್ಚಾರ ತಿದ್ದಲು ಹೋಗಿ, "ನೀವು ನಿಮ್ಮ ವೈರ್ ನೋಡ್ಕೊಳ್ಳಿ" ಎನಿಸಿಕೊಂಡರು. ಅದೂ ಧ್ವನಿಮುದ್ರಣವಾಯಿತು. ಕಾವಲುಗಾರ ಬಿರುಗಾಳಿಯಲ್ಲಿ ಮೆಟ್ಟಿಲು ಹತ್ತುವ ಇಪ್ಪತ್ತೊಂದನೆಯ ಅಧ್ಯಾಯವನ್ನು ಹುಡುಗಿ ಓದುವಾಗ, ಸರಿಯಾಗಿ ಗಾಳಿ ಏಳುವ ಸಾಲಿಗೆ ಕುಕ್ಕರ್ ಕೂಗಿತು. ಅವಳು ನಿಲ್ಲಿಸಲಿಲ್ಲ, ದನಿ ಏರಿಸಿದಳು. ಹಿಂದಿನಿಂದ ತಮ್ಮ "ಎರಡು" ಎಂದು ಎಣಿಸಿದ. ಅಭ್ಯಾಸಬಲದಿಂದ ಅಜ್ಜಿಯ ಕೈ ನಿಲ್ಲಿಸುವ ಗುಂಡಿಯವರೆಗೆ ಹೋಯಿತು, ಒತ್ತದೆ ಅಲ್ಲಿಯೇ ಉಳಿಯಿತು. "ಆ ಸಾಲಿನಲ್ಲಿ ಅವಳ ಉಸಿರು ಕೇಳ್ಬೇಕು ನೀವು. ಮೆಟ್ಟಿಲು ಹತ್ತಿದವಳ ಹಾಗೆ. ಅದನ್ನೇ ನಾನು ಕತ್ತರಿಸಿದ್ದೆ" ಎಂದು ನನಗೆ ಹೇಳಿ ಗಡಿಯಾರ ನೋಡಿದರು. ನಾಲ್ಕೂ ಹತ್ತೊಂಬತ್ತು. "ಮಿಕ್ಕಿದ್ದು ಮುಂದಿನ ವಾರ."

ಮಿಕ್ಕಿದ್ದು ಹೆಚ್ಚೇನಿರಲಿಲ್ಲ. ಶನಿವಾರ ಹುಡುಗಿ ಮತ್ತು ತಮ್ಮ ತಾವೇ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಗೆ ಬಂದಿದ್ದ ತಾತನಿಗೆ ಪೆನ್‌ಡ್ರೈವ್ ಕೊಟ್ಟರು. ತಾತ ಅಲ್ಲಿಯೇ ಕುಳಿತು ಮೊದಲ ಎರಡು ನಿಮಿಷ ಕೇಳಿದರು. "ಮೇಜು ಮರದ್ದು. ನಾಲ್ಕು ಜನ ಇದ್ದೀರಿ. ಯಾರದೋ ಕುರ್ಚಿಯ ಒಂದು ಕಾಲು ಗಿಡ್ಡ" ಎಂದರು. "ನಂದು" ಎಂದ ಹುಡುಗ. ತಾತ ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿಕೊಂಡರು. ಸಂಜೆ ಬೀಗ ಹಾಕುವ ಹೊತ್ತಾದರೂ ಏಳಲಿಲ್ಲವಂತೆ. ಕೊನೆಗೆ ಗ್ರಂಥಪಾಲಕಿ ನಕಲೊಂದನ್ನು ಅವರ ಚೀಲಕ್ಕೆ ಹಾಕಿ ಮನೆಗೆ ಕಳಿಸಿದರು.

ಈಗ ಆ ಬೀದಿಯ ಇನ್ನೂ ಮೂರು ಮನೆಗಳು ಊಟದ ಮೇಜಿನಿಂದ ಓದುತ್ತವೆ. ಬೀರುವಿನಲ್ಲಿ ಬಟ್ಟೆ ಮಾತ್ರ ಇದೆ. ಗ್ರಂಥಾಲಯದ ಧ್ವನಿಪುಸ್ತಕಗಳ ನೋಂದಣಿ ಪುಸ್ತಕದಿಂದ ನಾನು ನಕಲು ಮಾಡಿಕೊಂಡ ನಮೂದು ಹೀಗಿದೆ:

"ಸಂಖ್ಯೆ 212. ಅಧ್ಯಾಯ 1ರಿಂದ 15, ಓದುಗರು ಒಬ್ಬರು. ಅಧ್ಯಾಯ 16ರಿಂದ 24, ಓದುಗರು ನಾಲ್ವರು, ಒಂದೇ ಮನೆ. ಅಧ್ಯಾಯ 21ರಲ್ಲಿ ಕುಕ್ಕರಿನ ಕೂಗು ಮೂರು; ತೆಗೆದಿಲ್ಲ. ಕೇಳುಗರಿಗೆ ಕೊಟ್ಟದ್ದು 2019ರ ನವೆಂಬರ್ 9, ಶನಿವಾರ."