ಕೆಳಗಿನ ಮನೆಯ ಕುಕ್ಕರ್

ಗೆಳೆಯರೇ, ದೊಡ್ಡ ರಾಕ್ ಗಿಟಾರಿಸ್ಟ್ ಆಗಲು ಬೆರಳುಗಳು ಮಿಂಚಿನಂತೆ ಓಡಬೇಕು ಎಂದು ನಂಬಿದ್ದೆ. ಇವತ್ತು ಸಂಜೆಯವರೆಗೆ.

ಬ್ಯಾಂಕಿನಿಂದ ಬಂದವಳೇ ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡು ಸ್ಪೀಕರ್‌ಗೆ ಸಿಕ್ಕಿಸಿದೆ. ವಿಶಾಖಪಟ್ಟಣದ ಸಮುದ್ರದ ಗಾಳಿ ಬಾಲ್ಕನಿಯ ಪರದೆಯನ್ನು ಉಬ್ಬಿಸುತ್ತಿತ್ತು. ದಿನದಂತೆ ವೇಗವಾಗಿ ನುಡಿಸಲು ಮನಸ್ಸಾಗಲಿಲ್ಲ. ಒಂದೇ ತಂತಿಯನ್ನು ಮೀಟಿ, ಬೆರಳಿನಿಂದ ಮೇಲಕ್ಕೆ ತಳ್ಳಿ ಹಿಡಿದೆ. ಸ್ವರ ಏರಿತು, ನಡುಗಿತು, ಗಾಳಿಯಲ್ಲಿ ತೇಲುತ್ತ ಎಲ್ಲಿಗೋ ಹೋಯಿತು. ನಾನೂ ಅದರ ಹಿಂದೆಯೇ ಹೋದೆ. ಮತ್ತೆ ಮೀಟಿದೆ. ಮತ್ತೆ.

ಕಾಲಿಂಗ್ ಬೆಲ್ ಹೊಡೆಯಿತು. ಬಾಗಿಲಲ್ಲಿ ಕೆಳಗಿನ ಮನೆಯ ಸರೋಜಾ ಆಂಟಿ. ಬಳ್ಳಾರಿಯವರು, ಮದುವೆಯಾಗಿ ಈ ಊರಿಗೆ ಬಂದವರು. ಕೈಯಲ್ಲಿ ಸೌಟು. ಇನ್ನೊಂದು ದೂರು ಬಂದರೆ ಮನೆ ಖಾಲಿ ಮಾಡಿ ಎಂದು ಓನರ್ ಆಗಲೇ ಹೇಳಿದ್ದಾರೆ.

"ಈಗ ಕೂಗಿದ್ದು ನಿನ್ನ ಗಿಟಾರಾ ಅಮ್ಮಾ?"

"ಹೌದು ಆಂಟಿ, ಸಾರಿ. ಸೌಂಡ್ ಕಮ್ಮಿ ಮಾಡ್ತೀನಿ."

"ಅಯ್ಯೋ ರಾಮಾ! ಕುಕ್ಕರ್ ಅಂದ್ಕೊಂಡು ಮೂರು ವಿಷಲ್ ಎಣಿಸಿ ಗ್ಯಾಸ್ ಆರಿಸಿಬಿಟ್ನಮ್ಮಾ. ಪಪ್ಪಿನ ಬೇಳೆ ಬೆಂದೇ ಇಲ್ಲ. ಅಂಕಲ್ ತಟ್ಟೆ ಮುಂದೆ ಕುಂತಾರೆ!"

"ಓನರ್‌ಗೆ ಹೇಳ್ತೀರಾ ಆಂಟಿ?"

"ಓನರ್‌ಗ್ಯಾಕೆ? ಈಗ ಮತ್ತೆ ಕುಕ್ಕರ್ ಇಡ್ತೀನಿ. ಅದು ಕೂಗೋವರೆಗೂ, ದಿನಾ ಟಕಟಕ ಅಂತ ಏನೋ ಬಾರಿಸ್ತೀಯಲ್ಲ, ಅದನ್ನೇ ಬಾರಿಸ್ಕೋ. ಅದು ನಮ್ಮ ಕಿವಿಗೇ ಬೀಳಲ್ಲ."

ಆ ಟಕಟಕಕ್ಕೆ ನನ್ನ ಎಷ್ಟೋ ವರ್ಷದ ಸಂಜೆಗಳನ್ನು ಸುರಿದಿದ್ದೇನೆ. ಒಲೆ ಆರಿಸಿದ್ದು ಮಾತ್ರ ಆ ಒಂದೇ ಸ್ವರ.