ಹಿಮಕ್ಕೆ ಹಾಕಿದ ಸಾಂಬ್ರಾಣಿ

ನನ್ನ ಪಿಎಚ್‌ಡಿ ಗೈಡ್ ಅವರ ಬಲಗೈ ಬೆರಳ ತುದಿಗಳು ಸುಣ್ಣ ಮೆತ್ತಿದಷ್ಟು ಬೆಳ್ಳಗಿದ್ದವು. ಹಿಮಾಲಯದ ಒಂದು ಗುಹೆಯಲ್ಲಿ ಹಿಮಗಡ್ಡೆ ಕೊರೆಯುವಾಗ ಚಳಿ ಕಚ್ಚಿ, ಸ್ಪರ್ಶವೇ ಹೋಗಿತ್ತು. ಆಗತಾನೆ ಇಳಿಸಿದ ಮುದ್ದೆಯನ್ನು ಬರಿಗೈಯಲ್ಲಿ ಮುರಿದು, ಬೆಪ್ಪಾದ ನಮ್ಮನ್ನು ನೋಡಿ ನಗುತ್ತಿದ್ದರು.

ದೊಡ್ಡಆಲಹಳ್ಳಿಯ ಬೇಸಾಯದ ಮನೆಯವರು. ಬಿಡದಿಯ ಹೊಲಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಹೊಗೆ ಕೊಳವೆ ಕಂಡರೆ ಸಾಕು, "ಇದೆಲ್ಲಾ ಎಲ್ಲಿಗಂಟ ಹೋಗಿ ಕುಂತ್ಕತದೆ, ಹೇಳಮ್ಮ?" ಎನ್ನುವರು. ಗಾಳಿಯಲ್ಲಿ ತೇಲಿಹೋದ ಮಸಿ ಕೂತಿರುವ ಆ ಗುಹೆಯ ಹಿಮದಲ್ಲೇ ಉತ್ತರವಿದೆ ಎಂಬುದು ಅವರ ನಂಬಿಕೆ. ಮರ ಸುಟ್ಟ ಮಸಿಯಲ್ಲಿ ಕಾಲಕ್ರಮೇಣ ಸವೆಯುವ ಒಂದು ಬಗೆಯ ಇಂಗಾಲ ಇರುತ್ತದೆ. ಕಲ್ಲಿದ್ದಲು, ಡೀಸೆಲ್ ಮಸಿಯಲ್ಲಿ ಅದು ಎಂದೋ ಸವೆದು ಮುಗಿದಿರುತ್ತದೆ. ಅಳೆದರೆ ಮಸಿ ಕಾಡಿನದೋ ಕಾರ್ಖಾನೆಯದೋ ತಿಳಿಯುತ್ತದೆ.

ಹಿಮವನ್ನು ಬಿಡದಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದೆವು. ಅದನ್ನು ಕೊಯ್ದು ಪರೀಕ್ಷೆಗೆ ಕಳಿಸುತ್ತಿದ್ದಾಗಲೇ ಆಯುಧಪೂಜೆ ಬಂತು. ಇವರು ಬಿಡುವವರೇ? ಗರಗಸಕ್ಕೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಕೆಂಡದ ಮೇಲೆ ಹಿಡಿ ಸಾಂಬ್ರಾಣಿ ಸುರಿದರು. "ಅನ್ನ ಕೊಡೋ ಆಯ್ದ ಕಣಮ್ಮ, ಒಸಿ ಚೆನ್ನಾಗಿ ಹೊಗೆ ಏಳ್ಲಿ" ಎಂದರು. ಕೋಣೆಯೆಲ್ಲ ಘಮಘಮ. ಕೊಯ್ದ ತುಂಡುಗಳು ಪಕ್ಕದಲ್ಲೇ ತೆರೆದಿದ್ದವು.

ಫಲಿತಾಂಶ ಬಂತು. ಹೆಚ್ಚುಕಡಿಮೆ ಎಲ್ಲವೂ ಮರದ ಇಂಗಾಲ. ಹೋಲಿಕೆಗೆಂದು ಶುದ್ಧ ನೀರಿನಿಂದ ನಾವೇ ಮಾಡಿ ಜೊತೆಗಿಟ್ಟಿದ್ದ ಮಂಜುಗಡ್ಡೆಯಲ್ಲೂ ಅದೇ! ಅವರು ಆ ಅಂಕಿಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ, "ಸಾಂಬ್ರಾಣಿ ಕಣಮ್ಮ, ಅದೂ ಮರದ್ ಅಂಟೇ. ನನ್ ಕೈಯಾರೆ ಹಾಕ್ಬುಟ್ಟೆ" ಎಂದರು.

ನೀರಿನ ಗಡ್ಡೆಯ ಮಾತೆತ್ತದೆ ಉಳಿದದ್ದನ್ನು ಪ್ರಕಟಿಸಿಬಿಡಿ, ನಿವೃತ್ತಿಗೆ ಮುಂಚೆ ಒಂದು ಹೆಸರಾದರೂ ಉಳಿಯುತ್ತದೆ ಎಂದು ಜೊತೆಯ ಅಧ್ಯಾಪಕರು ಬುದ್ಧಿ ಹೇಳಿದರು. "ಕಾರ್ಖಾನೆಯೋರು ಅದನ್ನೇ ಹಿಡ್ಕಂಡು ನಮ್ ಹೊಗೆ ಏನೂ ಮಾಡಿಲ್ಲ ಅಂತಾರೆ. ಆಗಕಿಲ್ಲ" ಎಂದು ಇವರು ಎಲ್ಲವನ್ನೂ ಕೈಬಿಟ್ಟರು.

ತಂದಿದ್ದ ಹಿಮ ಪರೀಕ್ಷೆಯಲ್ಲೇ ಮುಗಿದಿತ್ತು. ಮತ್ತೆ ತರೋಣವೆಂದು ಗುಹೆಗೆ ದಾರಿ ತೋರಿಸಿದ್ದವನಿಗೆ ಫೋನ್ ಮಾಡಿದರು. ಆ ಬೇಸಿಗೆಯಲ್ಲಿ ಅಲ್ಲಿನ ಹಿಮವೆಲ್ಲ ಕರಗಿ ಹರಿದುಹೋಗಿದೆ ಎಂದ. ಫೋನಿಟ್ಟವರ ಮುಖ ನನ್ನಿಂದ ನೋಡಲಾಗಲಿಲ್ಲ.

"ಆ ಹಿಮ ಬಾಯ್ಬುಟ್ಟು ಹೇಳಕ್ಕೆ ಬಂದಿತ್ತು ಕಣಮ್ಮ. ನಾನೇ ಬಾಯಿ ಮುಚ್ಚಿಸ್ಬುಟ್ಟೆ."

ನಿವೃತ್ತರಾದ ಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ. ಸುಳ್ಳು ಬರೆಯದ ಛಲ ನನಗೆ ಬಂದಿದ್ದರೆ ಅದು ಅವರದು. ಆ ಋಣ ತೀರಿಸಲು ಮತ್ತೆರಡು ಗುಹೆಗಳನ್ನು ಹುಡುಕಿಕೊಂಡು ಹೋದೆ. ಎರಡರಲ್ಲೂ ಕಲ್ಲು ಒದ್ದೆಯಾಗಿತ್ತು, ಅಷ್ಟೆ.