ಲೂಪಿನೊಳಗಿನ ಬಾಪ್ಪಾ

ಖಾರಘರದ ನಮ್ಮ ಕಾಲೇಜಿನಲ್ಲಿ ಮರುದಿನ ಪ್ಯಾರಲಲ್ ಕಂಪ್ಯೂಟಿಂಗ್ ಪ್ರಾಕ್ಟಿಕಲ್ ಪರೀಕ್ಷೆಯಿತ್ತು. ಮಕ್ಕಳ ಪ್ರೋಗ್ರಾಮುಗಳನ್ನು ನೋಡುತ್ತ ಹೋದವಳು ದಂಗಾದೆ. ನಾಲ್ಕು ಥ್ರೆಡ್‌ಗಳು, ಅಂದರೆ ಒಟ್ಟಿಗೇ ದುಡಿಯುವ ನಾಲ್ಕು ಕೈಗಳು, ಒಂದೇ ಮೊತ್ತವನ್ನು ಕೂಡಿಸಬೇಕಿತ್ತು. ಎಲ್ಲರ ಲೂಪಿನೊಳಗೂ, ಅಂದರೆ ಮತ್ತೆ ಮತ್ತೆ ಓಡುವ ಭಾಗದಲ್ಲಿ, ಒಂದೇ ಸಾಲು: ‘ಗಣಪತಿ ಬಾಪ್ಪಾ ಮೋರಯಾ’ ಎಂದು ಪ್ರಿಂಟ್ ಮಾಡು.

ನನಗೆ ಪಿತ್ತ ನೆತ್ತಿಗೇರಿತು. ಡೊಂಬಿವಲಿಯ ಹುಡುಗಿಯ ಪಕ್ಕ ನಿಂತೆ. ಅವಳಪ್ಪನದು ಉಡುಪಿ ಹೋಟೆಲು. ಒಮ್ಮೆ ಫೇಲಾಗಿದ್ದಳು, ಈ ಸಲವೂ ಆದರೆ ಓದು ಸಾಕು, ಗಲ್ಲಾದ ಮೇಲೆ ಕೂತುಕೋ ಎಂದು ಅಪ್ಪ ಹೇಳಿಬಿಟ್ಟಿದ್ದರು.

“ಇದೇನು ಲ್ಯಾಬಾ, ದೇವರ ಕೋಣೆಯಾ?” ಎಂದೆ.

“ಮತ್ ನಿಕಾಲಿಯೇ ಮ್ಯಾಮ್. ತೆಗೆದ್ರೆ ಆನ್ಸರ್ ತಪ್ಪು ಬರ್ತದೆ.”

ತೆಗೆದೆ. ಉತ್ತರ ತಪ್ಪಿತು. ಮತ್ತೆ ಓಡಿಸಿದರೆ ಬೇರೊಂದು ತಪ್ಪು. ಸಾಲನ್ನು ಸೇರಿಸಿದೆ, ಸರಿಯಾಯಿತು. ಸುಳ್ಳೇಕೆ ಹೇಳಲಿ, ಪಾಠ ಹೇಳುವ ನನಗೇ ಮೈ ಜುಮ್ಮೆಂದಿತು.

ಆಮೇಲೆ ಬುದ್ಧಿ ಓಡಿತು. ಪ್ರಿಂಟ್ ಮಾಡಲು ಹೊತ್ತು ಹಿಡಿಯುತ್ತದೆ. ಥ್ರೆಡ್‌ಗಳು ಹಿಂದೆ ಮುಂದೆ ಆಗಿ, ಒಂದೇ ಮೊತ್ತಕ್ಕೆ ಒಟ್ಟಿಗೇ ಕೈಹಾಕುವ ಡಿಕ್ಕಿ ತಪ್ಪುತ್ತದೆ. ತಪ್ಪು ಬಾಪ್ಪಾನ ಬೆನ್ನ ಹಿಂದೆ ಅಡಗಿತ್ತು.

“ನಿಮ್ಮ ಹೋಟೆಲಲ್ಲಿ ಬೋರ್ಡಿನ ಮೇಲೆ ಹತ್ತು ಪ್ಲೇಟ್ ಇಡ್ಲಿ ಅಂತಿದೆ. ಇಬ್ಬರು ವೇಟರ್ ಒಟ್ಟಿಗೇ ನೋಡ್ತಾರೆ, ಒಂದೊಂದು ಪ್ಲೇಟ್ ಒಯ್ತಾರೆ, ಇಬ್ಬರೂ ಒಂಬತ್ತು ಅಂತ ಬರೀತಾರೆ. ಸರಿಯಾ?”

“ಎಂಟು ಇರ್ಬೇಕು. ಏಕ್ ಕೋ ರುಕ್‌ನಾ ಪಡೇಗಾ, ಇನ್ನೊಬ್ಬ ಬರೆದು ಮುಗಿಸೋವರೆಗೆ.” ಕೀಬೋರ್ಡ್ ಹತ್ತಿರ ಎಳೆದುಕೊಂಡು, “ಲಾಕ್, ಮ್ಯಾಮ್?” ಎಂದಳು.

ಒಂದು ಥ್ರೆಡ್ ಬರೆಯುವಾಗ ಉಳಿದವನ್ನು ತಡೆಯುವ ಲಾಕ್ ಅವಳೇ ಹಾಕಿದಳು. ಬಾಪ್ಪಾನ ಸಾಲನ್ನು ನನ್ನೆದುರೇ ಅಳಿಸಿದಳು. ಉಳಿದವರಿಂದಲೂ ಹಾಗೇ ಮಾಡಿಸಿ ಮನೆಗೆ ಹೋದೆ.

ಮರುದಿನ ಹೊರಗಿನ ಪರೀಕ್ಷಕರು ಅವಳ ಮುಂದೆ ಕೂತರು. ದೂರದಿಂದಲೇ ಪರದೆಯತ್ತ ಇಣುಕಿದೆ. ಆ ಸಾಲು ವಾಪಸ್ ಬಂದಿತ್ತು. ಹೆದರಿ ಹಳೆಯ ಫೈಲನ್ನೇ ತೆರೆದಿದ್ದಾಳೋ, ಲಾಕ್ ಇದೆಯೋ ಇಲ್ಲವೋ, ನಾನು ನಿಂತಲ್ಲಿಂದ ಕಾಣಲಿಲ್ಲ. ಕೇಳುವಂತೆಯೂ ಇರಲಿಲ್ಲ.

“ಹೇ ಕಾಯ್, ಏನಿದು?” ಎನ್ನುತ್ತ ಪರೀಕ್ಷಕರು ಸಾಲನ್ನು ಅಳಿಸಿ ಓಡಿಸಿಯೇಬಿಟ್ಟರು. ನಾನು ಅವಳ ಅಪ್ಪನ ಗಲ್ಲಾವನ್ನು ಕಣ್ಣೆದುರೇ ಕಂಡೆ.

ಉತ್ತರ ಸರಿ ಬಂತು. ಮತ್ತೆ ಮತ್ತೆ ಓಡಿಸಿದರು, ಸರಿಯೇ ಬಂತು.

“ಲಾಕ್ ಹಾಕಿದ್ದೀಯಲ್ಲ. ಮಗ್ ಬಾಪ್ಪಾ ಕಶಾಲಾ, ಯಾಕೆ ಬೇಕು?” ಎಂದು ಕೇಳಿದರು.

“ಲಾಕ್ ಪ್ರೋಗ್ರಾಮಿಗೆ, ಸರ್. ಬಾಪ್ಪಾ ಮೇರೆ ಲಿಯೇ.”

ಪರೀಕ್ಷಕರು ನಗಲಿಲ್ಲ. ಅಳಿಸಿದ ಸಾಲನ್ನು ತಾವೇ ಮತ್ತೆ ಟೈಪ್ ಮಾಡಿ, ಮುಂದಿನ ಮೇಜಿಗೆ ಹೋದರು.